ಯುಎಸ್‌ಬಿ ಎತರ್‌ನೆಟ್ ಅಡಾಪ್ಟರ್: ಒಂದನ್ನೇ ಕೊಂಡವರಿಗೆ ಕಾಣದ ದೋಷ

ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕೇಬಲ್ ಜೋಡಿಸಲು ನೆರವಾಗುವ ಈ ಎತರ್‌ನೆಟ್ ಅಡಾಪ್ಟರಿನ ಬಗ್ಗೆ ಖರೀದಿದಾರರು ಬರೆದಿದ್ದ ಹೊಗಳಿಕೆಯನ್ನು ಓದಿಯೇ ನಾನು ಆರನ್ನು ಒಟ್ಟಿಗೆ ತರಿಸಿಕೊಂಡೆ. ಆ ಹೊಗಳಿಕೆ ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಬೇಕು. ಎತರ್‌ನೆಟ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ, ಡ್ರೈವರಿಗಾಗಿ ಹುಡುಕಾಡದೆ, ಸಂಪರ್ಕ ಸಿಗುತ್ತದೆ, ಯುಎಸ್‌ಬಿ 3.0 ಪೋರ್ಟಿನಲ್ಲಿ ಸೆಕೆಂಡಿಗೆ 900 ಮೆಗಾಬಿಟ್‌ಗೂ ಮಿಕ್ಕಿದ ವೇಗ ಬರುತ್ತದೆ. ಒಂದೊಂದಾಗಿ ಪರೀಕ್ಷಿಸಿದಾಗ ಆರರಲ್ಲಿ ಯಾವುದರಲ್ಲೂ ಕೊರತೆ ಕಾಣಲಿಲ್ಲ. ಆರನ್ನೂ ಒಂದೇ ಸ್ವಿಚ್ಚಿಗೆ (ಹಲವು ಕಂಪ್ಯೂಟರುಗಳ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆಗೆ) ಜೋಡಿಸಿದ ದಿನ ಒಂದೂ ನೆಟ್ಟಗೆ ಕೆಲಸ ಮಾಡಲಿಲ್ಲ.

ಒಂದು ಲ್ಯಾಪ್‌ಟಾಪಿನಲ್ಲಿ ಫೈಲ್ ನಕಲಾಗತೊಡಗಿದರೆ ಇನ್ನೊಂದರಲ್ಲಿ ಪುಟ ತೆರೆಯುವುದು ನಿಲ್ಲುತ್ತಿತ್ತು. ಪಿಂಗ್ ಮಾಡಿದರೆ, ಎಂದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಸಣ್ಣ ಸಂದೇಶಗಳನ್ನು ಕಳುಹಿಸಿ ನೋಡಿದರೆ, ಒಂದಷ್ಟು ಉತ್ತರ ಬಂದು, ಒಂದಷ್ಟು ಕಳೆದುಹೋಗಿ, ಮತ್ತೆ ಬರುತ್ತಿದ್ದವು. ಕೇಬಲ್‌ಗಳನ್ನು ಬದಲಾಯಿಸಿದೆ, ಸ್ವಿಚ್ಚನ್ನೂ ಬದಲಾಯಿಸಿದೆ. ರೌಟರಿನಲ್ಲಿ ಜೋಡಣೆಯಾದ ಯಂತ್ರಗಳ ಪಟ್ಟಿಯನ್ನು ತೆರೆದಾಗಲೇ ವಿಷಯ ತಿಳಿದದ್ದು: ಆರು ಸಾಲುಗಳಿರಬೇಕಾದ ಕಡೆ ಒಂದೇ ಸಾಲಿತ್ತು, ಅದರಲ್ಲಿದ್ದ ಕಂಪ್ಯೂಟರಿನ ಹೆಸರು ಮಾತ್ರ ನೋಡಿದಾಗಲೆಲ್ಲ ಬದಲಾಗಿರುತ್ತಿತ್ತು. ಪ್ರತಿ ನೆಟ್‌ವರ್ಕ್ ಸಾಧನವನ್ನು ಬೇರೆಯಾಗಿ ಗುರುತಿಸಬೇಕಾದ ಮ್ಯಾಕ್ ವಿಳಾಸವನ್ನು ಗೆಟ್‌ಮ್ಯಾಕ್ ಆದೇಶ ಕೊಟ್ಟು ನೋಡಿದರೆ, ಆರರಲ್ಲೂ ಅದೇ ಹನ್ನೆರಡು ಅಂಕಿ-ಅಕ್ಷರಗಳು.

ಯಾವ ವಿಳಾಸದ ಸಂದೇಶ ಯಾವ ಪೋರ್ಟಿನಿಂದ ಬಂತೆಂಬುದನ್ನು ಸ್ವಿಚ್ ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ ಮತ್ತು ಆ ವಿಳಾಸಕ್ಕೆ ಬಂದ ಉತ್ತರವನ್ನು ಕೊನೆಯದಾಗಿ ಕಂಡ ಪೋರ್ಟಿಗೆ ಕಳುಹಿಸುತ್ತದೆ. ಆರು ಪೋರ್ಟುಗಳಲ್ಲಿ ಒಂದೇ ವಿಳಾಸವಿದ್ದರೆ, ಯಾರು ಕಡೆಯದಾಗಿ ಮಾತಾಡಿದರೋ ಅವರಿಗೆ ಎಲ್ಲರ ಉತ್ತರವೂ ಹೋಗುತ್ತದೆ. ನನ್ನನ್ನು ಹೆಚ್ಚು ಹೊತ್ತು ದಾರಿ ತಪ್ಪಿಸಿದ್ದು, ಎಲ್ಲಿಯೂ ಎಚ್ಚರಿಕೆಯ ಸಂದೇಶ ಕಾಣಿಸಿಕೊಳ್ಳದೆ ಇದ್ದದ್ದು. ಯಂತ್ರಗಳಿಗೆ ಐಪಿ ವಿಳಾಸವನ್ನು (ಮ್ಯಾಕ್ ಅಲ್ಲದೆ ನೆಟ್‌ವರ್ಕಿನಲ್ಲಿ ಬಳಸುವ ಇನ್ನೊಂದು ವಿಳಾಸವನ್ನು) ತಾನಾಗಿ ಹಂಚುವ ಡಿಎಚ್‌ಸಿಪಿ ವ್ಯವಸ್ಥೆ ಮ್ಯಾಕ್ ವಿಳಾಸವನ್ನು ನೋಡಿಯೇ ಗುರುತು ಹಿಡಿಯುವುದರಿಂದ, ಆರಕ್ಕೂ ಒಂದೇ ಐಪಿಯನ್ನು ಕೊಟ್ಟಿತ್ತು. ಬೇರೆ ಮ್ಯಾಕ್ ವಿಳಾಸದ ಯಂತ್ರವೊಂದು ಅದೇ ಐಪಿಯನ್ನು ತನ್ನದೆಂದಾಗ ಮಾತ್ರ ಕಂಪ್ಯೂಟರ್ ಘರ್ಷಣೆಯೆಂದು ದೂರುವುದರಿಂದ, ಇಲ್ಲಿ ಯಾವುದೂ ದೂರಲಿಲ್ಲ. ಪ್ರತಿಯೊಂದಕ್ಕೂ ಕೈಯಾರೆ ಬೇರೆ ಬೇರೆ ಐಪಿ ಕೊಟ್ಟರೂ ತೊಂದರೆ ಉಳಿಯಿತು, ಏಕೆಂದರೆ ಸ್ವಿಚ್ ಐಪಿಯನ್ನು ನೋಡುವುದೇ ಇಲ್ಲ.

ಇದನ್ನು ಸಣ್ಣ ತಪ್ಪೆಂದು ಒಪ್ಪಲು ನಾನು ಸಿದ್ಧನಿಲ್ಲ. ಮ್ಯಾಕ್ ವಿಳಾಸ 48 ಬಿಟ್‌ಗಳದ್ದು. ಮೊದಲ 24 ಬಿಟ್‌ಗಳನ್ನು ಐಇಇಇ ಸಂಸ್ಥೆ ತಯಾರಕರಿಗೆ ಹಂಚಿಕೊಟ್ಟರೆ, ಉಳಿದ 24 ಬಿಟ್‌ಗಳಲ್ಲಿ ಅವರು 1,67,77,216 ಸಾಧನಗಳಿಗೆ ಬೇರೆ ಬೇರೆ ಸಂಖ್ಯೆ ಕೊಡಬಹುದು. ಸಂಖ್ಯೆಗಳಿಗೆ ಬರಗಾಲವಿಲ್ಲ. ತಯಾರಿಕೆಯ ಕೊನೆಯಲ್ಲಿ ಪ್ರತಿ ಅಡಾಪ್ಟರಿನೊಳಗೆ ಅದರದೇ ಸಂಖ್ಯೆಯನ್ನು ಬರೆಯುವ ಕೆಲಸವೊಂದು ಇಲ್ಲಿ ನಡೆದಿಲ್ಲ.

ಪರಿಹಾರ ಇದೆ, ಆದರೆ ಅರ್ಧ ಮಾತ್ರ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಅಡ್ವಾನ್ಸ್‌ಡ್ ವಿಭಾಗಕ್ಕೆ ಹೋಗಿ, ನೆಟ್‌ವರ್ಕ್ ಅಡ್ರೆಸ್ ಎಂಬಲ್ಲಿ ಬೇರೆ ವಿಳಾಸವನ್ನು ಬರೆಯಬಹುದು; ಲಿನಕ್ಸ್‌ನಲ್ಲಿ ಐಪಿ ಲಿಂಕ್ ಆದೇಶದಿಂದಲೇ ಆಗುತ್ತದೆ, ಆದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ಅಳಿಸಿಹೋಗುವುದರಿಂದ ಸಂರಚನೆಯ ಕಡತದಲ್ಲಿಯೂ ಬರೆದಿಡಬೇಕು. ಮನಬಂದ ಸಂಖ್ಯೆ ಸಲ್ಲದು: ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಮಾತ್ರ ಅದು ಸ್ಥಳೀಯವಾಗಿ ಕೊಟ್ಟ ವಿಳಾಸವೆನಿಸಿ, ಯಾವ ತಯಾರಕರ ಸಂಖ್ಯೆಯೊಂದಿಗೂ ಡಿಕ್ಕಿಯಾಗುವುದಿಲ್ಲ. ನಾನು 02ರಿಂದ ಆರಂಭಿಸಿ, ಕೊನೆಯ ಎರಡು ಸ್ಥಾನಗಳಲ್ಲಿ 01ರಿಂದ 06ರವರೆಗೆ ಕೊಟ್ಟೆ. ಅಂದಿನಿಂದ ಆರೂ ಒಟ್ಟಿಗೆ ಓಡುತ್ತಿವೆ.

ಅರ್ಧ ಎಂದದ್ದು ಏಕೆಂದರೆ ಈ ಬದಲಾವಣೆ ಉಳಿಯುವುದು ಕಂಪ್ಯೂಟರಿನಲ್ಲಿ, ಅಡಾಪ್ಟರಿನಲ್ಲಲ್ಲ. ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಹಳೆಯ ವಿಳಾಸ ಮರಳುತ್ತದೆ. ನನ್ನ ಅನುಭವದಲ್ಲಿ, ಅದೇ ಲ್ಯಾಪ್‌ಟಾಪಿನ ಇನ್ನೊಂದು ಯುಎಸ್‌ಬಿ ಪೋರ್ಟಿಗೆ ಬದಲಿಸಿದಾಗಲೂ ಮರಳಿತು. ನೆಟ್‌ವರ್ಕಿನಿಂದಲೇ ಬೂಟ್ ಮಾಡುವವರಿಗಂತೂ ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಆ ಹೊತ್ತಿಗೆ ಕಾರ್ಯಾಚರಣೆ ವ್ಯವಸ್ಥೆ ಇನ್ನೂ ಎದ್ದಿರುವುದಿಲ್ಲ.

ಮಾರಾಟಗಾರರು ಮರುಮಾತಿಲ್ಲದೆ ಎರಡನ್ನು ಬದಲಿಸಿಕೊಟ್ಟರು. ಬಂದ ಎರಡರಲ್ಲೂ ಅದೇ ವಿಳಾಸವಿತ್ತು. ಅಡಾಪ್ಟರಿನ ಮೈಮೇಲೆ ಮ್ಯಾಕ್ ವಿಳಾಸದ ಚೀಟಿ ಇಲ್ಲದಿದ್ದುದನ್ನು ನಾನು ಆರಂಭದಲ್ಲೇ ಗಮನಿಸಬೇಕಿತ್ತು. ಒಂದೇ ಬೇಕಾದವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು, ಅವರಿಗೆ ನಾಲ್ಕು ನಕ್ಷತ್ರ. ಒಂದಕ್ಕಿಂತ ಹೆಚ್ಚು ಬೇಕಾದವರು ಮೊದಲು ಎರಡನ್ನು ಮಾತ್ರ ತರಿಸಿ, ಎರಡರ ವಿಳಾಸವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಲಿ. ಅಂಥವರ ಪರವಾಗಿ ನಾನು ಕೊಡುವುದು ಒಂದೇ ನಕ್ಷತ್ರ.