ಎರೆಹುಳುಗಳಿಗೆ ಹಸಿ ಕಾಫಿ ಸಿಪ್ಪೆ ಸುರಿಯುವ ಮುನ್ನ

ಮನೆಯಲ್ಲೇ ಎರೆಗೊಬ್ಬರ ಮಾಡಲು ಹೊರಟವರು, ಅದರಲ್ಲೂ ನಮ್ಮ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ನೆಂಟರಿರುವವರು, ಇದನ್ನು ಓದಿಕೊಂಡು ಮುಂದುವರಿಯಿರಿ. ಕಳೆದ ಡಿಸೆಂಬರ್‌ನಲ್ಲಿ ಒಂದು ಡ್ರಮ್ ಹುಳುಗಳನ್ನು ಒಂದೇ ವಾರದಲ್ಲಿ ಕೊಂದವಳು ನಾನು. ಉಪವಾಸ ಕೆಡವಿ ಅಲ್ಲ, ಉಣ್ಣಿಸಿ.

ದೀಪಾವಳಿ ಕಳೆದ ಮೇಲೆ ಹಿತ್ತಿಲಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟೆ. ಗುಲಾಬಿ ಗಿಡದ ಬುಡ ಅಗೆದಾಗ ಸಿಕ್ಕ ಹುಳುಗಳನ್ನೇ ಮೊದಲು ಹಾಕಿದ್ದು. ನಾಲ್ಕೇ ದಿನದಲ್ಲಿ ಒಂದೂ ಕಾಣಲಿಲ್ಲ. ಮಣ್ಣಿನಾಳದಲ್ಲಿ ಬಿಲ ತೋಡಿಕೊಂಡು ಬದುಕುವ ಹುಳುಗಳಿಗೆ ಡ್ರಮ್ಮಿನ ಕಸ ಒಗ್ಗುವುದಿಲ್ಲ. ಕಸದ ನಡುವೆಯೇ ಇದ್ದು ಕಸವನ್ನೇ ತಿನ್ನುವ ಜಾತಿ ಬೇಕು: ಐಸೀನಿಯಾ ಫೆಟಿಡಾ, ಇಲ್ಲವೇ ಆಫ್ರಿಕಾ ಮೂಲದ ಯುಡ್ರಿಲಸ್ ಯುಜೀನಿಯೆ. ಇದು ತಿಳಿದ ಮೇಲೆ ಮಾರುವವರೊಬ್ಬರಿಂದ ಎರಡು ಕಿಲೋ ತಂದೆ. ಚೀಲ ಬಿಚ್ಚಿದರೆ ಮುಕ್ಕಾಲು ಪಾಲು ಸಗಣಿ! ಕೊಳ್ಳುವಾಗ ಒಂದು ಬೊಗಸೆ ತೆಗೆದು ಹಾಳೆಯ ಮೇಲೆ ಹರವಿಸಿ ನೋಡಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಅಂತೂ ಅರ್ಧ ಕಿಲೋ ಹುಳುವಾದರೂ ಇದ್ದೀತು. ತಿಂಗಳೊಂದು ಚೆನ್ನಾಗಿಯೇ ನಡೆಯಿತು. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಬೆಳಗಿನ ಕಾಫಿಯ ಚರಟ, ಮೇಲೆ ಒಂದಿಷ್ಟು ತರಗೆಲೆ. ಮುಚ್ಚಳ ತೆಗೆದರೆ ಮೊದಲ ಮಳೆಯ ಮಣ್ಣಿನ ವಾಸನೆ.

ಆಗ ಆಲ್ದೂರು ಕಡೆಯಿಂದ ಭಾವ ಬಂದರು. ಅರೇಬಿಕಾ ಕಾಫಿ ಕುಯ್ಲಿನ ದಿನಗಳು, ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್‌ಗೆ ಬಿಡುವಿಲ್ಲ. ಜೀಪಿನಿಂದ ಎರಡು ಚೀಲ ಹಸಿ ಹಣ್ಣಿನ ಸಿಪ್ಪೆ ಇಳಿಸಿ, "ನಿನ್ನ ಹುಳುಗಳಿಗೆ ಹಬ್ಬದೂಟ ತಂದಿದ್ದೇನೆ, ಮಾರಾಯ್ತಿ" ಎಂದರು. ಅವರನ್ನು ದೂರುವಂತಿಲ್ಲ, ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲದಷ್ಟನ್ನು ಒಂದೇ ಸಲ ಸುರಿದವಳು ನಾನು. ಒಂದು ಕಿಲೋ ಹುಳು ದಿನಕ್ಕೆ ತಿನ್ನುವುದು ಸುಮಾರು ಅರ್ಧ ಕಿಲೋ. ನನ್ನ ಬಳಿ ಇದ್ದದ್ದೇ ಅರ್ಧ ಕಿಲೋ ಹುಳು.

ಮೂರನೆಯ ರಾತ್ರಿ ಟಾರ್ಚ್ ಹಾಕಿ ಮುಚ್ಚಳ ತೆಗೆದರೆ ಒಳಬದಿಗೆಲ್ಲ ಹುಳುಗಳು ಮುತ್ತಿಕೊಂಡಿದ್ದವು. ಸಂತಾನ ಹೆಚ್ಚಿತೆಂದು ಹಿಗ್ಗಿ, ಫೋಟೋ ತೆಗೆದು ಅಕ್ಕನಿಗೆ ಕಳುಹಿಸಿದೆ. ಈಗಲೂ ಆ ಫೋಟೋ ನೋಡಲು ಮನಸ್ಸಾಗುವುದಿಲ್ಲ. ಅವು ಪ್ರಾಣ ಉಳಿಸಿಕೊಳ್ಳಲು ಮೇಲೆ ಹತ್ತಿದ್ದವು. ಬೆಳಿಗ್ಗೆ ಸಿಪ್ಪೆಯ ನಡುವಿಗೆ ಕೈ ಹಾಕಿದಾಗ, ಆಗಷ್ಟೇ ಬಸಿದ ಅನ್ನದ ಬಿಸಿ. ಸಕ್ಕರೆ ತುಂಬಿದ ಹಸಿ ಸಿಪ್ಪೆ ರಾಶಿಯಾಗಿ ಬಿದ್ದರೆ ಹುಳಿಯುತ್ತದೆ, ಕಾಯುತ್ತದೆ. 35 ಡಿಗ್ರಿ ದಾಟಿದರೆ ಈ ಹುಳುಗಳು ತಡೆಯಲಾರವು. ಡ್ರಮ್ಮಿನ ಪಕ್ಕಗಳಿಗೆ ನಾನು ತೂತು ಕೊರೆಸಿರಲಿಲ್ಲ. ತಳದಲ್ಲಿದ್ದ ಮೂರೂ ಕಟ್ಟಿಕೊಂಡಿದ್ದವು. ಮೇಲೆ ಕಾವು, ಕೆಳಗೆ ಕೊಳೆನೀರು, ಓಡಿಹೋಗಲು ದಾರಿಯಿಲ್ಲ.

ಆರನೆಯ ದಿನ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದಲೇ, "ನಿಮ್ಮಲ್ಲಿ ಎಲ್ಲಾದರೂ ಇಲಿ ಸತ್ತಿದೆಯೇ ನೋಡಿ" ಎಂದರು. ಹುಡುಕಿದರೆ ಸತ್ತ ಹುಳುಗಳೂ ಸಿಗಲಿಲ್ಲ, ಅಷ್ಟರಲ್ಲೇ ಕರಗಿ ಹೋಗಿದ್ದವು. ಹಸಿ ಸಗಣಿಯೂ ಇದೇ ರೀತಿ ಕಾಯುತ್ತದೆ. ಎರಡು ವಾರವಾದರೂ ನೆರಳಿನಲ್ಲಿ ಆರಿಸಿದ ಸಗಣಿಯನ್ನಷ್ಟೇ ಹಾಕಿ.

ಎರಡನೆಯ ಸಲ ಹುಳು ತಂದಾಗ, ಇರುವೆ ಬಂತೆಂದು ಡ್ರಮ್ಮಿನ ಅಂಚಿಗೆಲ್ಲ ಇರುವೆ ಪುಡಿ ಉದುರಿಸಿದೆ. ಅದು ಒಳಗೂ ಬಿತ್ತು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಅಜ್ಜಿ ಹಾಲಿನ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದದ್ದು ಆಮೇಲೆ ನೆನಪಾಯಿತು. ಈಗ ಡ್ರಮ್ಮಿನ ಸ್ಟ್ಯಾಂಡ್ ನಿಂತಿರುವುದೂ ನಾಲ್ಕು ಬಟ್ಟಲು ನೀರಿನಲ್ಲೇ.

ಮೂರನೆಯ ತಂಡ ಬದುಕಿದೆ. ಪಕ್ಕಕ್ಕೂ ತಳಕ್ಕೂ ತೂತು ಹೊಡೆಸಿದ್ದೇನೆ. ಕಿತ್ತಳೆ ಸಿಪ್ಪೆ, ಉಪ್ಪಿನಕಾಯಿ, ಉಳಿದ ಹುಳಿ, ಎಣ್ಣೆ ಪಲ್ಯ ಯಾವುದೂ ಒಳಗೆ ಹೋಗುವುದಿಲ್ಲ. ಹೊಸದೇನೇ ಇದ್ದರೂ ಒಂದು ಮೂಲೆಗೆ ಒಂದು ಹಿಡಿ ಹಾಕಿ, ಎರಡು ದಿನ ಬಿಟ್ಟು ಕೈಯಿಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ತೆಗೆದುಬಿಡುತ್ತೇನೆ.

ಮೊನ್ನೆ ಭಾವ ಫೋನ್ ಮಾಡಿ, ಈ ಸಲವೂ ಸಿಪ್ಪೆ ಕಳುಹಿಸಲೇ ಎಂದು ಕೇಳಿದರು. ತೋಟದ ಗುಂಡಿಯಲ್ಲೇ ಕಳಿಯಲಿ, ಯುಗಾದಿಗೆ ಬಂದಾಗ ಒಂದು ಬಕೆಟ್ ಒಯ್ಯುತ್ತೇನೆ ಎಂದೆ.