ಗರಗಸ, ಕ್ಯಾಟ್, ಪಿಜನ್ ಪೀ: ಕಲಬುರಗಿಯ ಮೂರು ಶಾಲೆಗಳಲ್ಲಿ ನನ್ನ ಮಕ್ಕಳು ಕಲಿತದ್ದು

ನನ್ನ ಮಗಳು ತಾನಾಗಿಯೇ ಓದಿದ ಮೊದಲ ಪದ ‘ಗರಗಸ’. ಮಗ ಓದಿದ ಮೊದಲ ಪದ ‘ಕ್ಯಾಟ್’. ಮಗಳು ಸರ್ಕಾರಿ ಕನ್ನಡ ಶಾಲೆಯ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಮೂರು ವರ್ಷ ಕಲಿತಳು. ಮಗ ಸಿಬಿಎಸ್‌ಇ ಶಾಲೆಯೊಂದರಲ್ಲಿ ಎಲ್‌ಕೆಜಿಯಿಂದ ಒಂದನೆಯ ತರಗತಿಯವರೆಗೆ ಇದ್ದ. 2024ರ ಜೂನ್‌ನಲ್ಲಿ ಇಬ್ಬರನ್ನೂ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಶಾಲೆಗೆ ಸೇರಿಸಿದೆವು, ಅವಳನ್ನು ನಾಲ್ಕಕ್ಕೆ, ಅವನನ್ನು ಎರಡಕ್ಕೆ. ಈಗ ನನ್ನ ನಾದಿನಿ ತನ್ನ ಮಗಳನ್ನು ಒಂದನೆಯ ತರಗತಿಗೆ ಎಲ್ಲಿ ಸೇರಿಸಲಿ ಎಂದು ವಾರಕ್ಕೆರಡು ಸಲ ಫೋನ್ ಮಾಡಿ ಕೇಳುತ್ತಿದ್ದಾಳೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಆದ್ದರಿಂದ ಬರೆಯಲು ಕುಳಿತೆ. ಕಟ್ಟಡ, ಬಸ್ಸು, ಸಮವಸ್ತ್ರಗಳ ವಿಚಾರಕ್ಕೆ ಹೋಗುವುದಿಲ್ಲ. ಏನು ಕಲಿಸಿದರು, ಹೇಗೆ ಕಲಿಸಿದರು, ಮಕ್ಕಳಲ್ಲಿ ಏನು ಉಳಿಯಿತು ಎಂಬುದಷ್ಟೇ ನನಗೆ ಮುಖ್ಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನಮ್ಮೂರಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೆಲ್ಲ ಕಾನ್ವೆಂಟ್ ಎನ್ನುತ್ತಾರೆ, ಸಿಸ್ಟರ್‌ಗಳ ಶಾಲೆಯಲ್ಲಿ ಏನೋ ಬೇರೆಯೇ ಪಠ್ಯಕ್ರಮ ಇರುತ್ತದೆ ಎಂದೂ ನಂಬುತ್ತಾರೆ. ಕಲಬುರಗಿಗೆ 2005ರಿಂದ ತನ್ನದೇ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ (ಬಿಷಪ್ ಒಬ್ಬರ ಆಡಳಿತದ ವಲಯ), ಹಾಗಾಗಿ ಪಾಠವೂ ಅಲ್ಲಿಂದಲೇ ಬರುತ್ತದೆ ಎಂದು ನಮ್ಮ ಮಾವನವರೂ ತಿಳಿದಿದ್ದರು. ನಾವು ಸೇರಿಸಿದ ಶಾಲೆಯಲ್ಲಿ ಇರುವುದು ರಾಜ್ಯ ಪಠ್ಯಕ್ರಮ. ಪರಿಸರ ಅಧ್ಯಯನಕ್ಕೆ ಅವರು ಬಳಸುವುದು ಸರ್ಕಾರಿ ಕನ್ನಡ ಶಾಲೆಯ ಪುಸ್ತಕದ್ದೇ ಇಂಗ್ಲಿಷ್ ರೂಪ. ಅದರ ಮೇಲೆ ಅವರು ಸೇರಿಸುವುದು ನೀತಿಶಿಕ್ಷಣ, ಹಾಡು, ಓದುವ ಅವಧಿ, ಅಕ್ಷರ ತಿದ್ದುವ ಅಭ್ಯಾಸ. ಅಂತರವೆಲ್ಲ ಇರುವುದು ಈ ಸೇರ್ಪಡೆಯಲ್ಲಿ ಮತ್ತು ಕಲಿಸುವ ಭಾಷೆಯಲ್ಲಿ.

ಸರ್ಕಾರಿ ಶಾಲೆಯ ಮಾತು. ಕೋವಿಡ್ ನಂತರ 2021ರ ಅಕ್ಟೋಬರ್‌ನಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದಾಗ ನಮ್ಮ ಮನೆಯವರ ಕೆಲಸ ಹೋಗಿತ್ತು. ಮಗಳನ್ನು ಓಣಿಯ ಶಾಲೆಗೆ ಸೇರಿಸಿದ್ದು ಕೈಯಲ್ಲಿ ಹಣವಿಲ್ಲದ್ದಕ್ಕೆ. ಆಯ್ಕೆ ಮಾಡಿ ಸೇರಿಸಿದ್ದಲ್ಲ. ಒಳಗೆ ಕಾಲಿಟ್ಟಾಗ ಕಂಡದ್ದು ನಾನು ಕಲಿತ ಶಾಲೆಯ ಹಾಗೆ ಇರಲಿಲ್ಲ. ಬೆಂಚಿಲ್ಲ, ಸಾಲಿಲ್ಲ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಕಾಗದದ ಹೂವು, ಚಿತ್ರಗಳನ್ನು ತೂಗುಹಾಕಿದ ಚಪ್ಪರ. ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟಕುವ ಕಪ್ಪುಹಲಗೆ. ಒಂದು, ಎರಡು, ಮೂರನೆಯ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತಿದ್ದರು. ಆ ಗುಂಪುಗಳಿಗೆ ‘ತಟ್ಟೆ’ ಎನ್ನುತ್ತಾರೆ. ಶಿಕ್ಷಕರ ನೆರವು ಪೂರ್ತಿ ಬೇಕಾದವರು ಒಂದು ತಟ್ಟೆ, ಅರ್ಧ ಬೇಕಾದವರು ಇನ್ನೊಂದು, ಗೆಳೆಯರಿಂದ ಕಲಿಯುವವರು, ತಾವೇ ಮಾಡಿಕೊಳ್ಳುವವರು ಬೇರೆ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನನ್ನ ಕಣ್ಣು ತೆರೆಸಿದ್ದು ಅಕ್ಷರ ಕಲಿಸುವ ಕ್ರಮ. ಅಲ್ಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಆ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ಮಗು ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ, ಮೊದಲ ತಿಂಗಳಲ್ಲೇ ಓದುತ್ತದೆ. ನನ್ನ ಮಗಳು ಬಡಗಿಯ ಅಂಗಡಿಯ ಮುಂದೆ ನಿಂತು ಕೂಗಿ ‘ಗರಗಸ’ ಎಂದು ಫಲಕ ಓದಿ ತೋರಿಸಿದ ದಿನ ನಾನು ಅತ್ತುಬಿಟ್ಟೆ. ಸಿಸ್ಟರ್‌ಗಳ ಶಾಲೆಯಲ್ಲೂ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಹಳೆಯ ದಾರಿಯಲ್ಲೇ ನಡೆಯುತ್ತದೆ. ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಕಾಗುಣಿತದ ಕೋಷ್ಟಕವನ್ನು ಪುಟಗಟ್ಟಲೆ ನಕಲು ಮಾಡುವುದು. ನನ್ನ ಮಗ ಎರಡನೆಯ ತರಗತಿಯಲ್ಲಿ ‘ಕ’ದಿಂದ ‘ಳ’ದವರೆಗೆ ಕಾಗುಣಿತವನ್ನು ಅಚ್ಚುಕಟ್ಟಾಗಿ ಬರೆದಿದ್ದ, ನೋಟ್ ಬುಕ್ಕಿನಲ್ಲಿ ನಕ್ಷತ್ರವೂ ಬಿದ್ದಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ‘ಕಿರಾಣಿ’ ಎಂಬ ಫಲಕ ಓದು ಎಂದರೆ ನಿಂತೇ ಹೋದ.

ನಲಿ-ಕಲಿಯಲ್ಲಿ ನಾನು ಬಹಳ ಗೌರವಿಸುವ ಇನ್ನೊಂದು ಸಂಗತಿ ಕಲಿಕಾ ಏಣಿ. ಮಗು ಎಷ್ಟನೆಯ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಹೋಗುತ್ತದೆ, ತರಗತಿಯ ವೇಗಕ್ಕೆ ಓಡಬೇಕಿಲ್ಲ. ಇದರ ಬೆಲೆ ಗುಳೆ ಹೋಗುವ ಜಿಲ್ಲೆಯವರಿಗೆ ಗೊತ್ತು. ಮಗಳ ಜೊತೆಗಿದ್ದ ಹುಡುಗನೊಬ್ಬ ತಂದೆ-ತಾಯಿಯ ಜೊತೆ ಮುಂಬೈಗೆ ಹೋಗಿ ನಾಲ್ಕು ತಿಂಗಳಾದ ಮೇಲೆ ಬಂದ. ಟೀಚರ್ ಏಣಿಯಲ್ಲಿ ಅವನು ನಿಂತಿದ್ದ ಹಳೆಯ ಮೈಲಿಗಲ್ಲನ್ನು ಹುಡುಕಿ, ಅಲ್ಲಿಂದಲೇ ಚಟುವಟಿಕೆಯ ಕಾರ್ಡು ಕೊಟ್ಟರು. ಬೇರೆ ಎರಡು ಶಾಲೆಗಳಲ್ಲಿ ಅವನಿಗೆ ಕಾದಿರುತ್ತಿದ್ದದ್ದು ತಪ್ಪಿಹೋದ ಪರೀಕ್ಷೆಗಳು ಮತ್ತು ಖಾಲಿ ನೋಟ್ ಬುಕ್ಕು.

ಕೊರತೆಗಳು ಕಣ್ಣಿಗೆ ರಾಚುವಂಥವೇ. ಮೂರು ತರಗತಿಗೆ ಒಬ್ಬರೇ ಟೀಚರ್. ಅವರು ತರಬೇತಿಗೆ ಹೋದ ದಿನ ಕಾರ್ಡುಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ಕೆಲವು ಕಾರ್ಡುಗಳ ಅಂಚು ಹರಿದು ಗುರುತೇ ಕಾಣುತ್ತಿರಲಿಲ್ಲ. ಇಂಗ್ಲಿಷ್ ಎಂದರೆ ನಾಲ್ಕು ಹಾಡು, ಹಣ್ಣು-ಬಣ್ಣಗಳ ಹೆಸರು, ಅಷ್ಟೇ. ಮೂರು ವರ್ಷವಾದರೂ ಮಗಳ ಬರಹ ಒಂದು ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. (ಬಿಸಿಯೂಟ ಪಠ್ಯಕ್ರಮಕ್ಕೆ ಸೇರಿದ್ದಲ್ಲ, ಆದರೂ ಹೇಳಿಬಿಡುತ್ತೇನೆ: 2002ರಲ್ಲಿ ರಾಜ್ಯದಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲೇ ಆರಂಭವಾದ ಆ ಊಟ, ನಮ್ಮ ಕಷ್ಟದ ವರ್ಷದಲ್ಲಿ ನನ್ನ ಮಗಳ ಹೊಟ್ಟೆ ತುಂಬಿಸಿತು.)

ಸಿಬಿಎಸ್‌ಇ ಶಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಪುಸ್ತಕ ಒಂದು ಕಡೆ, ಪಾಠ ಇನ್ನೊಂದು ಕಡೆ. ಪುಸ್ತಕ ಮಾತ್ರ ಮೂರರಲ್ಲೂ ಶ್ರೇಷ್ಠ. 2023ರಲ್ಲಿ ಬಂದ, ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಒಂದನೆಯ ತರಗತಿಯ ಗಣಿತವನ್ನು ತೆರೆದರೆ ಮೊದಲ ಪಾಠ ಎಣಿಕೆಯದ್ದಲ್ಲ, ಬೆಕ್ಕನ್ನು ಹುಡುಕುವ ಕಥೆ. ಒಳಗೆ, ಹೊರಗೆ, ಮೇಲೆ, ಕೆಳಗೆ ಎಂಬುದು ಮಗುವಿಗೆ ತಿಳಿದ ಮೇಲೆ ಎಣಿಕೆ. ಎಷ್ಟು ಯೋಚಿಸಿ ಮಾಡಿದ್ದಾರೆ! ಶಾಲೆಯಲ್ಲಿ ಅದನ್ನು ಎರಡು ದಿನದಲ್ಲಿ ಮುಗಿಸಿ, ಖಾಸಗಿ ಪ್ರಕಾಶಕರ ವರ್ಕ್ ಬುಕ್ಕಿಗೆ ಹಾರಿದರು. ಆರು ವರ್ಷದ ಮಗು ಇಂಗ್ಲಿಷ್, ಹಿಂದಿ, ಕನ್ನಡ ಮೂರು ಲಿಪಿಗಳನ್ನು ಒಟ್ಟಿಗೆ ಹೊತ್ತಿತು. ಚೀಲವನ್ನೂ ಹೊತ್ತಿತು. ಒಂದು-ಎರಡನೆಯ ತರಗತಿಯ ಚೀಲ 1.5 ಕೆಜಿ ಮೀರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿತ್ತು. ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಮಗನ ಚೀಲ ನಾಲ್ಕು ಕೆಜಿ ತೂಗಿತು. ಅದನ್ನು ಹೇಳಿದಾಗ ಶಾಲೆಯವರು ಕೊಟ್ಟ ಉತ್ತರ, ‘ಪೋಷಕರೇ ಹೆಚ್ಚು ಕಲಿಸಿ ಎನ್ನುತ್ತಾರೆ.’ ಅದು ನಿಜವೂ ಇರಬಹುದು, ನನಗೆ ಸಾಕಾಗಿತ್ತು.

ಇನ್ನು ಸಿಸ್ಟರ್‌ಗಳ ಶಾಲೆ. ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಧರ್ಮದ್ದು. ನಮ್ಮದು ಶರಣಬಸವೇಶ್ವರರ ಗುಡಿಗೆ ಸೋಮವಾರ ತಪ್ಪಿಸದ ಮನೆ. ಅತ್ತೆಯವರಿಗೆ ಆತಂಕವಿತ್ತು. ನಾನು ನೇರವಾಗಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರನ್ನೇ ಕೇಳಿದೆ. ಅವರು ವೇಳಾಪಟ್ಟಿಯನ್ನು ಮುಂದಿಟ್ಟರು. ವಾರಕ್ಕೆ ಎರಡು ಅವಧಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಬೇರೆ ಕೋಣೆಗೆ ಹೋಗುತ್ತಾರೆ, ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿಶಿಕ್ಷಣ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಮಾಡುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಮಗಳ ಪಕ್ಕದಲ್ಲಿ ಕೂರುವ ಹುಡುಗಿ ಪ್ರಥಮ ಪರಮಪ್ರಸಾದಕ್ಕೆ (ಚರ್ಚಿನಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಪಡೆಯುವ ವಿಧಿಗೆ) ತಯಾರಾಗುತ್ತಿದ್ದ ತಿಂಗಳುಗಳಲ್ಲಿ ನನ್ನ ಮಗಳು ಓದಿದ್ದು ಸುಳ್ಳು, ಕ್ಷಮೆ, ಕೃತಜ್ಞತೆಗಳ ಪಾಠ. ಬೈಬಲ್ಲಿನ ಕಥೆಗಳು ಅಲ್ಲಲ್ಲಿ ಬರುತ್ತವೆ, ಅದನ್ನು ಅವರು ಮುಚ್ಚಿಡಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅವನ ಜನರೇ ಆದ ಇಬ್ಬರು ದಾಟಿ ಹೋದಾಗ ಸಮಾರಿಯದ ಪರಕೀಯನೊಬ್ಬ ಎತ್ತಿ ಉಪಚರಿಸಿದ ಕಥೆಯನ್ನು ಮಗಳು ಮನೆಯಲ್ಲಿ ಹೇಳಿದಳು. ಕೇಳಿದ ಅತ್ತೆಯವರು, ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟ ನಮ್ಮ ಗುಡಿಯ ಶರಣಬಸಪ್ಪನ ಕಥೆ ಹೇಳಿದರು. ಮರುದಿನ ಮಗಳು ಅದನ್ನು ನೀತಿಶಿಕ್ಷಣದ ಅವಧಿಯಲ್ಲಿ ಹೇಳಿದಳಂತೆ. ಸಿಸ್ಟರ್ ಇನ್ನೊಮ್ಮೆ ಹೇಳಿಸಿದರಂತೆ. ಅಂದಿನಿಂದ ಅತ್ತೆಯವರ ಆತಂಕ ಇಳಿಯಿತು. ನಲಿ-ಕಲಿಯಲ್ಲೂ ಸಿಬಿಎಸ್‌ಇಯಲ್ಲೂ ಹೀಗೆ ನಡತೆಯ ಬಗ್ಗೆಯೇ ಕೂತು ಮಾತಾಡುವ ಸಮಯವನ್ನು ನಾನು ಕಾಣಲಿಲ್ಲ.

ಬರಹ, ಗಟ್ಟಿಯಾಗಿ ಓದುವುದು, ಹಾಡು: ಈ ಮೂರರಲ್ಲಿ ಸಿಸ್ಟರ್‌ಗಳ ಶಾಲೆಗೆ ಸಾಟಿಯಿಲ್ಲ. ನಾಲ್ಕು ಗೆರೆಯ ನೋಟ್ ಬುಕ್ಕಿನಲ್ಲಿ ದಿನಕ್ಕೊಂದು ಪುಟ. ಆರು ತಿಂಗಳಲ್ಲಿ ಮಗಳ ಅಕ್ಷರ ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ನೆಟ್ಟಗಾಯಿತು. ವಾರಕ್ಕೊಮ್ಮೆ ಗ್ರಂಥಾಲಯದ ಪುಸ್ತಕ ತಂದು, ತರಗತಿಯ ಮುಂದೆ ನಿಂತು ಅರ್ಧ ಪುಟ ಓದಲೇಬೇಕು. ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವಾಗ ಎಲ್ಲ ಮಕ್ಕಳೂ ಸೇರುತ್ತಾರೆ, ಎರಡು ದನಿಯಲ್ಲಿ ಹಾಡುವುದನ್ನು ಕಲಿಯುತ್ತಾರೆ. ಬಾಯಿ ಬಿಡದ ನನ್ನ ಮಗ ಅಲ್ಲಿ ಹಾಡಿದ. ಗಣಿತದಲ್ಲಿ ಅವರು ಹಳಬರು. ದಿನವೂ ಮಗ್ಗಿ, ಬಾಯಿಲೆಕ್ಕ. ಲೆಕ್ಕದ ವೇಗಕ್ಕೆ ಅದು ಒಳ್ಳೆಯದೇ. ಏಕೆ ಹಾಗೆ ಎಂಬ ಪ್ರಶ್ನೆಗೆ ಎನ್‌ಸಿಇಆರ್‌ಟಿ ಪುಸ್ತಕವನ್ನು ನಾನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ.

ಆದರೆ ಅಲ್ಲಿಯ ಮೊದಲ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಶಾಲೆಯ ಆವರಣದಲ್ಲಿ ಇಂಗ್ಲಿಷ್ ಮಾತ್ರ ಎಂಬ ನಿಯಮವಿತ್ತು. ನಲಿ-ಕಲಿಯಲ್ಲಿ ಬಾಯಿ ಮುಚ್ಚದ ಹುಡುಗಿ ಇಲ್ಲಿ ಮೂಕಳಾದಳು. ನೀರು ಕುಡಿಯಲು ಹೋಗಲೇ ಎಂದು ಕೇಳಲು ಇಂಗ್ಲಿಷ್ ಬಾರದೆ ಸಂಜೆಯವರೆಗೆ ಬಾಯಾರಿ ಕುಳಿತ ದಿನವಿದೆ. ಪರಿಸರ ಅಧ್ಯಯನದ ಪರೀಕ್ಷೆಗೆ ಅವಳು ಬೆಳೆಗಳ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. ‘ಪಿಜನ್ ಪೀ ಎಂದರೇನು?’ ಎಂದು ಕೇಳಿದೆ. ‘ಪಾರಿವಾಳ ತಿನ್ನುವ ಕಾಳು ಅವ್ವಾ’ ಎಂದಳು. ಅದು ತೊಗರಿ. ಅವಳ ಮುತ್ಯಾ ಜೇವರ್ಗಿ ಕಡೆ ಜೀವನವಿಡೀ ಬೆಳೆದದ್ದು ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದದ್ದು ಕಲಬುರಗಿಯ ತೊಗರಿ ಬೇಳೆ. ಹಿಂದಿನ ರಾತ್ರಿ ಅವಳು ರೊಟ್ಟಿಯ ಜೊತೆ ಉಂಡದ್ದೂ ಅದೇ ಬೇಳೆ. ಸರ್ಕಾರಿ ಶಾಲೆಯಲ್ಲಿ ಇದೇ ಪಾಠ ಓದಿದ್ದರೆ ಹೂವಿನ ಬಣ್ಣ, ಕಾಯಿಯ ಒಳಗಿನ ಕಾಳು, ಕಟ್ಟಿಗೆ ಒಲೆಗೆ ಹೋಗುವುದು, ಎಲ್ಲವನ್ನೂ ತಾನೇ ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದನ್ನೇ ಅವಳಿಗೆ ಗೊತ್ತಿಲ್ಲದ ಹಾಗೆ ಮಾಡಿತ್ತು ಆ ಪುಟ. ಮರುವಾರ ಹೊಲಕ್ಕೆ ಕರೆದುಕೊಂಡು ಹೋಗಿ ಗಿಡ ಮುಟ್ಟಿಸಿ, ‘ಇದೇ ಪಿಜನ್ ಪೀ’ ಎಂದು ತೋರಿಸಿದೆ.

ಪೋಷಕರ ಸಭೆಯಲ್ಲಿ ಸಿಸ್ಟರ್ ಒಂದು ಮಾತು ಹೇಳಿದ್ದರು: ಮಕ್ಕಳ ಮೊದಲ ಗುರುಗಳು ತಂದೆ-ತಾಯಿಗಳೇ ಎಂದು ಕ್ಯಾಥೊಲಿಕ್ ಧರ್ಮಸಭೆಯ ಬಿಷಪ್‌ಗಳೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ 1965ರಲ್ಲಿ ಹೊರಡಿಸಿದ ಘೋಷಣೆಯಲ್ಲೇ ಇದೆ ಎಂದು. ಆ ಮಾತನ್ನೇ ಹಿಡಿದುಕೊಂಡು ಅವರ ಬಳಿ ಹೋದೆ. ಮನೆಯ ಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಬಾ ಎಂದರೆ ಮೊದಲ ಗುರುವನ್ನೂ ಹೊರಗೆ ಬಿಟ್ಟಂತೆಯೇ ಎಂದೆ. ಸಿಸ್ಟರ್ ಕೋಪಿಸಿಕೊಳ್ಳಲಿಲ್ಲ. ತುಸು ಹೊತ್ತು ಸುಮ್ಮನಿದ್ದು, ಹೊಸದಾಗಿ ಬಂದ ಮಕ್ಕಳು ಮೊದಲ ವರ್ಷ ಅನುಮಾನಗಳನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಕೇಳಬಹುದು ಎಂದು ಒಪ್ಪಿದರು. ಪರಿಸರ ಅಧ್ಯಯನದ ಹೊಸ ಪದಗಳನ್ನು ಎರಡು ಭಾಷೆಯಲ್ಲಿ ಹಲಗೆಯ ಮೇಲೆ ಬರೆಯುವುದು ನಾಲ್ಕನೆಯ ತರಗತಿಯಲ್ಲಿ ಈ ವರ್ಷ ಆರಂಭವಾಗಿದೆ. ದ್ವಿತೀಯ ಭಾಷೆಯ ಕನ್ನಡ ಮಾತ್ರ ಇನ್ನೂ ತೆಳುವೇ. 2015ರ ಕನ್ನಡ ಕಲಿಕಾ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಕನ್ನಡದ ಅವಧಿ ಇದೆ, ಆದರೆ ಅವಧಿಯೊಳಗೆ ಜೀವ ತುಂಬುವುದು ಕಾಯ್ದೆಯ ಕೈಯಲ್ಲಿಲ್ಲ. ಮಗನಿಗೆ ಒತ್ತಕ್ಷರ ಇನ್ನೂ ಕಷ್ಟ. ರಾತ್ರಿ ಅಕ್ಕನೇ ಅವನಿಗೆ ಪತ್ರಿಕೆಯ ತಲೆಬರಹಗಳನ್ನು ಓದಿಸುತ್ತಾಳೆ.

ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿ ನೋಡಿದಾಗ ನನಗೆ ಅನುಮಾನವೇ ಉಳಿದಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ತಡವಾಗಿ ಬಂದ ಮಗಳು ಆರೇಳು ತಿಂಗಳು ಒದ್ದಾಡಿದಳು, ಈಗ ಐದರಲ್ಲಿ ಎರಡೂ ಭಾಷೆಯಲ್ಲಿ ತನ್ನದೇ ವಾಕ್ಯ ಬರೆಯುತ್ತಾಳೆ. ಆರಂಭದಿಂದಲೇ ಇಂಗ್ಲಿಷಿನಲ್ಲಿದ್ದ ಮಗ ಸರಾಗವಾಗಿ ಓದುತ್ತಾನೆ, ಓದಿದ್ದನ್ನು ಹೇಳು ಎಂದರೆ ಪುಸ್ತಕದ ಸಾಲನ್ನೇ ಒಪ್ಪಿಸುತ್ತಾನೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದಾಗಿತ್ತು. ಆ ಸುದ್ದಿ ಓದಿದ ಮೇಲೆ ಊರಿನ ತಾಯಂದಿರೆಲ್ಲ ಇನ್ನೂ ಎಳೆಯ ವಯಸ್ಸಿಗೇ ಇಂಗ್ಲಿಷ್ ಶಾಲೆ ಹುಡುಕುತ್ತಿದ್ದಾರೆ. ನಾನು ನಾದಿನಿಗೆ ಹೇಳುವುದು ಬೇರೆ: ಮೂರನೆಯ ತರಗತಿಯವರೆಗೆ ಒಳ್ಳೆಯ ಟೀಚರ್ ಇರುವ ನಲಿ-ಕಲಿ ಶಾಲೆ, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದು, ನಾಲ್ಕಕ್ಕೆ ಸಿಸ್ಟರ್‌ಗಳ ಶಾಲೆ. ಶುಲ್ಕದ ಮಾತು ಬಂದರೆ ಸಿಸ್ಟರ್‌ಗಳದ್ದು ಸಿಬಿಎಸ್‌ಇ ಶಾಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಅವಳು ಇನ್ನೂ ಒಪ್ಪಿಲ್ಲ. ‘ವೈನಿ, ನಾಲ್ಕರಲ್ಲಿ ಸೀಟು ಸಿಗದಿದ್ದರೆ?’ ಎಂದು ಕೇಳುತ್ತಾಳೆ. ಅದು ಸರಿಯಾದ ಪ್ರಶ್ನೆಯೇ. ನಮಗೂ ಆ ವರ್ಷ ಸೀಟು ಖಾಲಿಯಾದದ್ದು ಒಬ್ಬರಿಗೆ ವರ್ಗಾವಣೆಯಾದ್ದರಿಂದ. ಸೋಮವಾರ ಅವಳನ್ನು ಓಣಿಯ ಶಾಲೆಗೆ ಕರೆದುಕೊಂಡು ಹೋಗಿ, ಬೆಳಗಿನ ಮೊದಲ ಅವಧಿ ಮುಗಿಯುವವರೆಗೆ ಬಾಗಿಲಲ್ಲಿ ಕೂರಿಸುತ್ತೇನೆ.