ಬ್ರಿಟನ್ ಪಕ್ಷಗಳ 2024ರ ಪ್ರಣಾಳಿಕೆ: ಪ್ಯಾಲೆಸ್ಟೀನ್ ಬಗ್ಗೆ ಕೊಟ್ಟ ಮಾತು ಎಷ್ಟು ಗಟ್ಟಿ?

ನಾನಿರುವುದು ಇಂಗ್ಲೆಂಡಿನ ಲೆಸ್ಟರ್ ಸೌತ್ ಕ್ಷೇತ್ರದಲ್ಲಿ. ಪಾಸ್‌ಪೋರ್ಟ್ ಭಾರತದ್ದೇ. ಆದರೂ ಕಾಮನ್‌ವೆಲ್ತ್ ದೇಶದವರು ಇಲ್ಲಿ ಪಾರ್ಲಿಮೆಂಟ್ ಚುನಾವಣೆಗೆ ಓಟು ಹಾಕಬಹುದು, ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. ಗಾಜಾದ ಸುದ್ದಿ ನೋಡಿ ನಿದ್ದೆ ಬಾರದ ದಿನಗಳು ಅವು. ಹಾಗಾಗಿ ಜುಲೈ 4ರ ಮತದಾನಕ್ಕೆ ಮುಂಚೆ ಪ್ರಣಾಳಿಕೆಗಳನ್ನು ಕೂತು ಓದಿದೆ.

ಲೇಬರ್ ಪಕ್ಷದ್ದರಲ್ಲಿ ಪ್ಯಾಲೆಸ್ಟೀನ್ ಬಗ್ಗೆ ಒಂದೇ ಪ್ಯಾರಾ, ಅದೂ ಕೊನೆಯ ಭಾಗದಲ್ಲಿ. ಸ್ವಂತ ದೇಶ ಪ್ಯಾಲೆಸ್ಟೀನಿಯರ ಹಕ್ಕು, ಅದು ಯಾವ ನೆರೆಯವರೂ ದಾನ ಕೊಡುವಂಥದ್ದಲ್ಲ ಎಂದು ಬರೆದಿದ್ದರು. ಆ ಸಾಲು ನನಗೆ ನಿಜಕ್ಕೂ ಹಿಡಿಸಿತು. ಆದರೆ 2017 ಮತ್ತು 2019ರಲ್ಲಿ ಇದೇ ಪಕ್ಷ ಪ್ಯಾಲೆಸ್ಟೀನ್ ದೇಶಕ್ಕೆ 'ತಕ್ಷಣ ಮಾನ್ಯತೆ ಕೊಡುತ್ತೇವೆ' ಎಂದಿತ್ತು. 2024ರಲ್ಲಿ ಆ 'ತಕ್ಷಣ' ಮಾಯ! ಶಾಂತಿ ಮಾತುಕತೆಗೆ ನೆರವಾಗಲು ಮಾನ್ಯತೆ ಕೊಡುತ್ತೇವೆ ಅಂತಷ್ಟೇ ಇತ್ತು, ಯಾವಾಗ ಅಂತ ಇಲ್ಲ. ಒಂದು ಪದ ಬಿಟ್ಟರೆ ಏನಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಗೆದ್ದು ಅಧಿಕಾರಕ್ಕೆ ಬಂದ ಲೇಬರ್‌ನವರು ಮಾನ್ಯತೆ ಕೊಟ್ಟದ್ದು 2025ರ ಸೆಪ್ಟೆಂಬರ್ 21ಕ್ಕೆ, ಅಂದರೆ 14 ತಿಂಗಳು ಕಳೆದ ಮೇಲೆ. ಭಾರತ 1988ರಲ್ಲೇ ಕೊಟ್ಟಿತ್ತು. ಇಲ್ಲಿನ ಸಂಸತ್ತೇ 2014ರಲ್ಲಿ 274-12 ಮತಗಳಿಂದ ಮಾನ್ಯತೆ ಕೊಡಿ ಎಂದಿತ್ತು, ಸರ್ಕಾರ ಅದನ್ನು ಪಾಲಿಸಬೇಕೆಂದಿರಲಿಲ್ಲ ಅಷ್ಟೇ. ಕೊಟ್ಟರಲ್ಲ, ಅದು ಸಂತೋಷ. ಆದರೆ ಆ 14 ತಿಂಗಳಲ್ಲಿ ಗಾಜಾದಲ್ಲಿ ಎಷ್ಟು ಮಕ್ಕಳು ಹೋದರು ಅಲ್ವಾ?

ಶಸ್ತ್ರಾಸ್ತ್ರದ ವಿಷಯ ಆ ಪ್ಯಾರಾದಲ್ಲಿ ಇರಲೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಇಸ್ರೇಲ್‌ಗೆ ಶಸ್ತ್ರಾಸ್ತ್ರ ಕಳಿಸುವ ಸುಮಾರು 350 ಪರವಾನಗಿಗಳಲ್ಲಿ 30ರಷ್ಟನ್ನು ತಡೆಹಿಡಿದರು. ಎಫ್-35 ಯುದ್ಧವಿಮಾನದ ಬಿಡಿಭಾಗಗಳು ಜಾಗತಿಕ ಸರಬರಾಜಿನ ಮೂಲಕ ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಈ ವಿಷಯದಲ್ಲಿ ಗ್ರೀನ್ ಪಕ್ಷ ಮತ್ತು ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಬರೆದದ್ದು ಸ್ಪಷ್ಟ: ಮಾರಾಟ ನಿಲ್ಲಿಸಿ. ಲಿಬರಲ್ ಡೆಮಾಕ್ರಾಟ್ಸ್ 'ಈಗಲೇ ಮಾನ್ಯತೆ' ಎಂದು ನೇರವಾಗಿ ಬರೆದಿದ್ದರು. ಕನ್ಸರ್ವೇಟಿವ್ ಪಕ್ಷದ್ದರಲ್ಲಿ ನನಗೆ ಬೇಕಾದದ್ದೇನೂ ಸಿಗಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಲೇಬರ್‌ನ ಜೊನಾಥನ್ ಆಶ್ವರ್ತ್ 979 ಮತಗಳಿಂದ ಸೋತರು, ಗಾಜಾ ವಿಷಯ ಮುಂದಿಟ್ಟು ನಿಂತ ಪಕ್ಷೇತರ ಶೌಕತ್ ಆಡಮ್ ಗೆದ್ದರು. ಜನ ಆ ಒಂದು ಪ್ಯಾರಾವನ್ನು ಎಷ್ಟು ಸರಿಯಾಗಿ ಓದಿದ್ದರು ನೋಡಿ.

ಲೇಬರ್ ಪ್ರಣಾಳಿಕೆಗೆ 5ಕ್ಕೆ 2 ಕೊಡುತ್ತೇನೆ, ಎರಡೂ ಆ 'ದಾನವಲ್ಲ' ಎಂಬ ಸಾಲಿಗೆ. ಮುಂದಿನ ಸಲ ಯಾರು ಬಾಗಿಲು ತಟ್ಟಿದರೂ ನಾನು ಕೇಳುವುದು ಎರಡೇ: ಯಾವ ತಾರೀಕಿಗೆ ಮಾಡುತ್ತೀರಿ, ಬಿಡಿಭಾಗ ನಿಲ್ಲಿಸುತ್ತೀರಾ? ನೀವೂ ಕೇಳಿ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಆನ್‌ಲೈನ್‌ನಲ್ಲಿ ಜಾಸ್ತಿ ಹೊತ್ತು ಬೇಡ, ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.